ಬ್ಯಾಗಿನಲ್ಲೇ ಉಳಿದ ಕನ್ನಡಕ: ಹತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಕರಣ

ನಾನು ಆಪ್ಟೋಮೆಟ್ರಿಸ್ಟ್. ಕಣ್ಣು ಪರೀಕ್ಷೆ ಮಾಡಿ ನಂಬರು ಬರೆಯುವುದು ಒಂದು ಕೆಲಸ. ಆ ನಂಬರಿಗೆ ತಕ್ಕ ಕನ್ನಡಕ ಮಾಡಿಸಿ ಮುಖಕ್ಕೆ ಸರಿಯಾಗಿ ಕೂರಿಸುವುದು ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದನ್ನು ಅಂಗಡಿಯ ವ್ಯಾಪಾರ ಅಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಹನ್ನೆರಡರಿಂದ ಹದಿನೆಂಟರ ಮಕ್ಕಳ ಮಟ್ಟಿಗೆ ಕನ್ನಡಕ ಮುಖದ ಮೇಲಿರುತ್ತದೋ, ಸ್ಕೂಲ್ ಬ್ಯಾಗಿನಲ್ಲಿರುತ್ತದೋ ಅನ್ನುವುದು ತೀರ್ಮಾನವಾಗುವುದು ಈ ಎರಡನೇ ಕೆಲಸದಲ್ಲೇ. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಗುರುತು ಸಿಗಬಾರದೆಂದು ಊರು, ಶಾಲೆಯ ಹೆಸರು ಹೇಳುವುದಿಲ್ಲ. ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಪಕ್ಕದ ಊರು. ಹುಡುಗಿಗೆ 15 ವರ್ಷ, ಎಸ್‌ಎಸ್‌ಎಲ್‌ಸಿ. ತಂದೆಗೆ ಸಣ್ಣ ವ್ಯಾಪಾರ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಬ್ಲೌಸು, ಯೂನಿಫಾರ್ಮು ಎರಡಕ್ಕೂ ಆ ಬೀದಿಯಲ್ಲಿ ಅವರದ್ದೇ ಹೆಸರು. ಈ ಹೊಲಿಗೆಯ ವಿಷಯ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿರಲಿ.

ಹುಡುಗಿಗೆ ದೂರದ್ದು ಕಾಣುವುದಿಲ್ಲ ಅಂತ ಮೊದಲು ಗೊತ್ತಾದದ್ದು ಏಳನೇ ತರಗತಿಯಲ್ಲಿ, ಶಾಲೆಗೆ ಬಂದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದ ತಪಾಸಣೆಯಲ್ಲಿ. ಆಗ ಸಿಕ್ಕ ಕನ್ನಡಕವನ್ನು ಒಂದೂವರೆ ವರ್ಷ ಹಾಕಿಕೊಂಡಳು. ಆಮೇಲೆ ಅದು ಮುಖಕ್ಕೆ ಚಿಕ್ಕದಾಯಿತು, ನಂಬರೂ ಏರಿತು. ಬೇರೆ ಊರಿನ ಅಂಗಡಿಯೊಂದರಲ್ಲಿ ಎರಡನೇ ಕನ್ನಡಕ ಮಾಡಿಸಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಅದಕ್ಕೆ ಎಂಟು ತಿಂಗಳಾಗಿತ್ತು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಎಂಟು ತಿಂಗಳ ಕನ್ನಡಕ ಇಷ್ಟು ಹೊಸದಾಗಿ ಇದ್ದರೆ ಅದನ್ನು ಯಾರೂ ಹಾಕಿಕೊಂಡಿಲ್ಲ ಎಂದೇ ಅರ್ಥ.

ಬರುವುದಕ್ಕೆ ಕಾರಣ ಶಾಲೆಯಿಂದ ಬಂದ ಮಾತು. ಹುಡುಗಿ ಬೋರ್ಡು ನೋಡಿ ಬರೆಯುವುದಿಲ್ಲ, ಪಕ್ಕದವಳ ನೋಟ್ಸ್ ನೋಡಿ ಬರೆಯುತ್ತಾಳೆ, ಗಣಿತದಲ್ಲಿ ಅಂಕಿಗಳೇ ಅದಲು ಬದಲಾಗುತ್ತಿವೆ ಅಂತ ಟೀಚರ್ ತಾಯಿಗೆ ಹೇಳಿದ್ದರು.

ಸಮಸ್ಯೆ ಯಾವುದು?

ತಾಯಿಯ ಪ್ರಕಾರ ಸಮಸ್ಯೆ ಒಂದೇ. "ಎಲ್ಲಾ ಸ್ಟೈಲು ಮೇಡಂ. ಫ್ರೆಂಡ್ಸ್ ನಗ್ತಾರಂತೆ. ಎರಡೂವರೆ ಸಾವಿರ ಕೊಟ್ಟು ಮಾಡಿಸಿದ್ದು, ಬ್ಯಾಗಲ್ಲಿ ಇಟ್ಕೊಂಡು ಓಡಾಡ್ತಾಳೆ." ಮಗಳು ಸುಮ್ಮನಿದ್ದಳು. ಕೇಳಿದರೆ, "ಹಾಕ್ಕೊಂಡ್ರೆ ತಲೆನೋವು" ಅಂದಳು. ತಾಯಿ ತಕ್ಷಣ, "ಮೊಬೈಲ್ ನೋಡೋವಾಗ ಬರಲ್ವಾ ತಲೆನೋವು?" ಅಂದರು. ಮಾತು ಅಲ್ಲಿಗೇ ನಿಂತಿತು.

ಇಂಥ ಸಂದರ್ಭದಲ್ಲಿ ಮೊದಲು ನಂಬರಿನ ಮೇಲೆ ಅನುಮಾನ ಬರುತ್ತದೆ. ಪರೀಕ್ಷೆ ಮಾಡಿದೆ. ಬಲಗಣ್ಣಿಗೆ ಮೈನಸ್ 4.25, ಎಡಗಣ್ಣಿಗೆ ಮೈನಸ್ 4.75. ಹಳೆಯ ಗಾಜು ಮೈನಸ್ 3.75 ಮತ್ತು 4.25. ಎರಡರಲ್ಲೂ ಅರ್ಧ ನಂಬರು ಏರಿದೆ. ಈ ವಯಸ್ಸಿಗೆ ಅದು ಅಚ್ಚರಿಯೇನಲ್ಲ. ಅರ್ಧ ನಂಬರು ಕಡಿಮೆಯಿದ್ದರೆ ಕೊನೆಯ ಬೆಂಚಿನಿಂದ ಬೋರ್ಡು ಸ್ವಲ್ಪ ಮಸುಕಾಗಬಹುದು. ಕನ್ನಡಕವನ್ನೇ ಹಾಕದೆ ಇರಲು ಅದು ಕಾರಣವಾಗುವುದಿಲ್ಲ. ಹಾಕದಿದ್ದರೆ ಈ ಹುಡುಗಿಗೆ 22 ಸೆಂಟಿಮೀಟರಿನ ಆಚೆ ಇರುವುದೆಲ್ಲ ಮಂಜು. ಒಂದು ಗೇಣಿನಾಚೆಗಿನ ಪ್ರಪಂಚವೇ ಇಲ್ಲ. ಅಂಥವಳು ಕನ್ನಡಕ ತೆಗೆದಿಡುತ್ತಾಳೆ ಅಂದರೆ ಹಾಕಿಕೊಳ್ಳುವ ಕಷ್ಟ ಕಾಣದಿರುವ ಕಷ್ಟಕ್ಕಿಂತ ದೊಡ್ಡದಿರಬೇಕು ಅಲ್ವಾ?

ಹಾಗಾಗಿ ಕನ್ನಡಕ ಹಾಕಿಸಿ, ಒಂದು ಹಾಳೆ ಕೊಟ್ಟು, "ನಿನ್ನ ಟೈಮ್‌ಟೇಬಲ್ ಬರಿ" ಅಂದೆ. ತಲೆ ಬಗ್ಗಿಸಿದಳು. ಸೋಮವಾರದ ಸಾಲು ಮುಗಿಯುವ ಮೊದಲೇ ಫ್ರೇಮ್ ಮೂಗಿನ ಮಧ್ಯಕ್ಕೆ ಜಾರಿತು. ಬೆರಳಿನಿಂದ ಮೇಲೆ ತಳ್ಳಿದಳು. ಮಂಗಳವಾರಕ್ಕೆ ಮತ್ತೆ. ಆಮೇಲೆ ಎಡಗೈಯಲ್ಲಿ ಫ್ರೇಮನ್ನು ಹಿಡಿದುಕೊಂಡೇ ಬರೆದಳು. "ಯಾವಾಗಲೂ ಹೀಗೇನಾ?" ಅಂದರೆ ತಲೆಯಾಡಿಸಿದಳು. ತಾಯಿ ಏನೂ ಹೇಳಲಿಲ್ಲ. ಮಗಳು ಕನ್ನಡಕ ಹಾಕಿಕೊಂಡು ಬರೆಯುವುದನ್ನು ಅವರೂ ಅವತ್ತೇ ಮೊದಲು ನೋಡಿದ್ದು ಅಂತ ಕಾಣುತ್ತದೆ.

ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ ಮೂರು ಅಂಕಿಗಳಿದ್ದವು: 55, 17, 145. ಹೆಚ್ಚಿನ ಫ್ರೇಮುಗಳಲ್ಲಿ ಇವು ಇರುತ್ತವೆ, ಯಾರೂ ಓದುವುದಿಲ್ಲ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಎರಡು ಗಾಜುಗಳ ನಡುವಿನ ಜಾಗ, ಅಂದರೆ ಮೂಗಿನ ಸೇತುವೆ. ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. ಹುಡುಗಿಯ ಎರಡು ಕಣ್ಣುಪಾಪೆಗಳ ನಡುವಿನ ದೂರ 58 ಮಿಲಿಮೀಟರ್. ಫ್ರೇಮಿನ ಎರಡು ಗಾಜುಗಳ ನಡುಮಧ್ಯದ ಅಂತರ 55 ಮತ್ತು 17 ಕೂಡಿದರೆ 72. ಅಂದರೆ ಪ್ರತಿ ಕಣ್ಣೂ ಗಾಜಿನ ಮಧ್ಯಕ್ಕಿಂತ 7 ಮಿಲಿಮೀಟರ್ ಮೂಗಿನ ಕಡೆಗೆ ಸರಿದು ಕೂತಿತ್ತು. ಕಪ್ಪು ಬಣ್ಣದ, ದಪ್ಪ, ಚೌಕನೆಯ ಪ್ಲಾಸ್ಟಿಕ್ ಫ್ರೇಮು. ಒಂದು ಕಾಲೇಜು ಹುಡುಗನ ಮುಖಕ್ಕೆ ಚೆನ್ನಾಗಿರುತ್ತಿತ್ತು.

ಮೈನಸ್ ಗಾಜು ಮಧ್ಯದಲ್ಲಿ ತೆಳು, ಅಂಚಿನಲ್ಲಿ ದಪ್ಪ. ಮಧ್ಯದಿಂದ ದೂರ ಹೋದಷ್ಟೂ ದಪ್ಪ ಒಂದೇ ಸಮ ಏರುವುದಿಲ್ಲ, ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಈ ಫ್ರೇಮಿನಲ್ಲಿ ಕಿವಿ ಕಡೆಯ ಅಂಚು ಸುಮಾರು 7 ಮಿಲಿಮೀಟರ್ ಇತ್ತು. ಪಕ್ಕದಿಂದ ನೋಡಿದರೆ ಬಳೆ ಬಳೆಯಾಗಿ ಕಾಣುತ್ತಿತ್ತು. ತರಗತಿಯಲ್ಲಿ ಹುಡುಗರು ಅವಳಿಗಿಟ್ಟ ಹೆಸರು "ಸೋಡಾ ಬುಡ್ಡಿ". ಇದು ಆಮೇಲೆ ಗೊತ್ತಾಯಿತು.

ಇಷ್ಟೇ ಆಗಿದ್ದರೆ ತಲೆನೋವಿಗೆ ಕಾರಣ ಸಿಗುತ್ತಿರಲಿಲ್ಲ. ಗಾಜಿನ ನಂಬರು ಅಳೆಯುವ ಲೆನ್ಸ್ ಮೀಟರಿನಲ್ಲಿಟ್ಟು ಎರಡೂ ಗಾಜಿನ ಕೇಂದ್ರಕ್ಕೆ, ಅಂದರೆ ಬೆಳಕು ಬಾಗದೆ ನೇರ ಹಾಯುವ ಬಿಂದುವಿಗೆ, ಚುಕ್ಕೆ ಹಾಕಿ ಸ್ಕೇಲ್ ಇಟ್ಟೆ. ಇದು ಫ್ರೇಮಿನ ಗಾಜಿನ ನಡುಮಧ್ಯವೇ ಆಗಿರಬೇಕಿಲ್ಲ, ಕಣ್ಣುಪಾಪೆಯ ಎದುರಿಗೆ ಬರಬೇಕು. ನಡುವಿನ ದೂರ 58 ಇರಬೇಕಿತ್ತು, 63 ಇತ್ತು. ಇಷ್ಟು ದೊಡ್ಡ ಫ್ರೇಮಿಗೆ ಕೇಂದ್ರವನ್ನು 7 ಮಿಲಿಮೀಟರ್ ಒಳಗೆ ತರಬೇಕಾದರೆ ದೊಡ್ಡ ಅಳತೆಯ ಗಾಜು ಬೇಕು. ಕೈಯಲ್ಲಿದ್ದ ಗಾಜು ಸಾಲದೆ ಬಂದಾಗ ಕೇಂದ್ರವನ್ನು ಹೊರಗೆ ಬಿಟ್ಟು ಕತ್ತರಿಸಿದರೆ ಹೀಗಾಗುತ್ತದೆ. ಈ 5 ಮಿಲಿಮೀಟರ್ ವ್ಯತ್ಯಾಸದಿಂದ ಆ ನಂಬರಿಗೆ ಸುಮಾರು 2 ಪ್ರಿಸಂ ಬರುತ್ತದೆ (ಗಾಜು ಬೆಳಕನ್ನು ಪಕ್ಕಕ್ಕೆ ಎಷ್ಟು ಬಗ್ಗಿಸುತ್ತದೆ ಅನ್ನುವುದರ ಅಳತೆ ಇದು). ಅದೂ ದೂರ ನೋಡುವಾಗ ಎರಡೂ ಕಣ್ಣುಗಳನ್ನು ಹೊರಕ್ಕೆ ಎಳೆಯುವಂಥದ್ದು. ಕಣ್ಣುಗಳು ಒಳಕ್ಕೆ ತಿರುಗುವುದನ್ನು ಸುಲಭವಾಗಿ ಮಾಡುತ್ತವೆ, ಹೊರಕ್ಕೆ ಹಿಗ್ಗುವುದಕ್ಕೆ ತಿಣುಕುತ್ತವೆ. ಬೋರ್ಡು ನೋಡುತ್ತಾ ಕೂತರೆ ಹಣೆ ಸಿಡಿಯದೆ ಇನ್ನೇನಾಗುತ್ತದೆ?

ಮೊದಲ ತಿರುವು ಇಲ್ಲೇ. "ಅವಳು ಹೇಳಿದ ತಲೆನೋವು ನಿಜ" ಅಂತ ಮಗಳ ಎದುರಿಗೇ ತಾಯಿಗೆ ಹೇಳಿದೆ. ಅಲ್ಲಿಯವರೆಗೆ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಆಮೇಲೆ ಬಾಯಿಬಿಟ್ಟಳು. ಕಿವಿಯ ಹಿಂದೆ ಉರಿ, ನಕ್ಕರೆ ಫ್ರೇಮು ಕೆನ್ನೆಗೆ ತಾಗಿ ಮೇಲೇಳುತ್ತದೆ, ರೆಪ್ಪೆ ಗಾಜಿಗೆ ಬಡಿಯುತ್ತದೆ, ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದರೆ ಕಡ್ಡಿಯ ತುದಿ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಸೋಡಾ ಬುಡ್ಡಿಯ ವಿಷಯ ಬಂದದ್ದು ಎಲ್ಲದರ ಕೊನೆಗೆ, ಅದೂ ತಾಯಿ ಫೋನ್ ಬಂತೆಂದು ಹೊರಗೆ ಹೋದಾಗ.

ಈ ಫ್ರೇಮ್ ಮನೆಗೆ ಬಂದದ್ದು ಹೇಗೆ

"ಇದನ್ನ ಆರಿಸಿದ್ದು ಯಾರು?" ಅಂತ ಕೇಳಿದೆ. ತಾಯಿ, "ನಾನೇ. ಬೆಳೆಯೋ ಹುಡುಗಿ, ಸ್ವಲ್ಪ ದೊಡ್ಡದಿದ್ರೆ ಎರಡು ವರ್ಷ ಬರುತ್ತೆ ಅಂತ" ಅಂದರು. "ಅವಳನ್ನೂ ಕೇಳಿದ್ವಿ, ಹೂಂ ಅಂದ್ಲು." ಅದಕ್ಕೆ ಮಗಳು ಹೇಳಿದ ಮಾತು ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: "ನಂಗೆ ಕಾಣ್ತಾನೇ ಇರ್ಲಿಲ್ಲ."

ಹೌದಲ್ಲ! ಅಂಗಡಿಯಲ್ಲಿ ಹೊಸ ಫ್ರೇಮ್ ಹಾಕಿ ನೋಡಲು ಹಳೆಯ ಕನ್ನಡಕ ತೆಗೆಯಬೇಕು. ಹೊಸ ಫ್ರೇಮಿನಲ್ಲಿ ಇರುವುದು ನಂಬರಿಲ್ಲದ ಪ್ಲಾಸ್ಟಿಕ್ ತುಂಡು. ಕನ್ನಡಿಯಲ್ಲಿ ನಮ್ಮ ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ಇರುತ್ತದೆ. 22 ಸೆಂಟಿಮೀಟರಿನೊಳಗೆ ಮಾತ್ರ ಸ್ಪಷ್ಟವಾಗಿ ಕಾಣುವ ಹುಡುಗಿ ತನ್ನ ಮುಖ ನೋಡಿಕೊಳ್ಳಬೇಕಾದರೆ ಕನ್ನಡಿಗೆ 11 ಸೆಂಟಿಮೀಟರ್ ಹತ್ತಿರ ಹೋಗಬೇಕು. ಮೂಗು ತಾಗುವುದೊಂದು ಬಾಕಿ. ಕೌಂಟರಿನ ಆಚೆ ಕೂತು ಕನ್ನಡಿ ನೋಡಿದರೆ ಅವಳಿಗೆ ಕಂಡದ್ದು ಕಪ್ಪು ಚೌಕಟ್ಟಿನ ಒಂದು ಮಸುಕು ಮುಖ. ಹೂಂ ಅನ್ನದೆ ಇನ್ನೇನು ಹೇಳುತ್ತಾಳೆ? ನಂಬರು ಜಾಸ್ತಿಯಿರುವ ಮಕ್ಕಳೆಲ್ಲರ ಕಥೆಯೂ ಇದೇ. ಫ್ರೇಮನ್ನು ಆರಿಸುವವರು ನೋಡಬಲ್ಲವರು, ಹಾಕಿಕೊಳ್ಳುವವರಿಗೆ ಅದು ಕಾಣುವುದು ಗಾಜು ಕೂತು ದುಡ್ಡು ಕೊಟ್ಟ ಮೇಲೆ.

ಮೊದಲ ಪ್ರಯತ್ನ: ಹಳೆಯದನ್ನೇ ಸರಿಮಾಡುವುದು

ಎರಡೂವರೆ ಸಾವಿರ ಕೊಟ್ಟ ವಸ್ತು. ಸುಮ್ನೆ ಬಿಸಾಡಿ ಅನ್ನಲು ಮನಸ್ಸು ಬರುವುದಿಲ್ಲ. ತಾಯಿಯೂ, "ಗಾಜು ಮಾತ್ರ ಬದಲಿಸೋಕಾಗಲ್ವಾ?" ಅಂದರು. ಕಡ್ಡಿಯನ್ನು ಬಿಸಿ ಮಾಡಿ, ಕಿವಿಯ ಮೇಲ್ತುದಿ ಬರುವಲ್ಲಿಗೆ ಸರಿಯಾಗಿ ಬಗ್ಗಿಸಿದೆ. ಮೊದಲು ಆ ಬಾಗು ಕಿವಿಯಿಂದ ಒಂದು ಬೆರಳು ಹಿಂದಿತ್ತು. 145ರ ಕಡ್ಡಿ ಅವಳ ತಲೆಗೆ ಉದ್ದವಾಗಿದ್ದರಿಂದ ಕನ್ನಡಕಕ್ಕೆ ಹಿಡಿತವೇ ಇರಲಿಲ್ಲ. ಮೂಗಿನ ಜಾಗಕ್ಕೆ ಅಂಟಿಸುವ ಸಿಲಿಕಾನ್ ಪ್ಯಾಡ್ ಹಾಕಿದೆ.

ಜಾರುವುದು ಒಂದಿಷ್ಟು ಕಡಿಮೆಯಾಯಿತು. ಆದರೆ ತಲೆಗೆ ಎಣ್ಣೆ ಹಚ್ಚುವ ಮನೆ, ಬಿಸಿಲಿನಲ್ಲಿ ಆಡುವ ಹುಡುಗಿ. ಬೆವರು, ಎಣ್ಣೆ ಸೇರಿ ಪ್ಯಾಡ್ ವಾರದೊಳಗೆ ಕಿತ್ತುಬಂತು. ಗಾಜಿನ ಕೇಂದ್ರ ತಪ್ಪಿದ್ದಕ್ಕೆ ಫ್ರೇಮ್ ಬಗ್ಗಿಸಿ ಏನೂ ಮಾಡಲಾಗದು. ಹೊಸ ನಂಬರಿನ ಗಾಜನ್ನು ಅದೇ ಫ್ರೇಮಿಗೆ ಹಾಕಿದರೆ ಅಂಚು ಇನ್ನೂ ದಪ್ಪವಾಗಿ ಏಳೂವರೆ ದಾಟುತ್ತಿತ್ತು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ತಾಯಿ ಹೊಸ ಫ್ರೇಮಿಗೆ ಒಪ್ಪಿದರು. ಒಟ್ಟು ಮೂರು ಸಾವಿರದೊಳಗೆ ಮುಗಿಯಬೇಕು ಅನ್ನುವುದು ಅವರ ಷರತ್ತು.

ಅಳತೆ ಮೊದಲು, ಅಂದ ಆಮೇಲೆ

ಮಗಳ ಆಸೆ ಸ್ಪಷ್ಟವಾಗಿತ್ತು. ಇನ್‌ಸ್ಟಾಗ್ರಾಂನಲ್ಲಿ ನೋಡಿದ, ಚಿನ್ನದ ಬಣ್ಣದ ತೆಳು ತಂತಿಯ, ದೊಡ್ಡ ದುಂಡು ಫ್ರೇಮು. ತಾಯಿಯದು ಮೂರು ಬೇಡಿಕೆ: ಮುರಿಯಬಾರದು, ಬ್ಲೂ ಕಟ್ (ನೀಲಿ ಬೆಳಕು ತಡೆಯುವ ಗಾಜು) ಇರಬೇಕು, ಮತ್ತು "ಹಾಕ್ಕೊಂಡಿದ್ದೂ ಗೊತ್ತಾಗಬಾರದು". ಮೂರನೆಯದರ ಹಿಂದೆ ಇದ್ದ ಚಿಂತೆ ಯಾವುದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಗು, ಕನ್ನಡಕ, ನಾಳೆ ನೋಡಲು ಬರುವವರು.

ಅವಳ ಆಸೆಗೆ ಬೇಡ ಅನ್ನಲಿಲ್ಲ. ಅಂಥದ್ದೇ ಒಂದು ಫ್ರೇಮ್ ತಂದು ಹಾಕಿದೆ, ಅಳತೆ 53. ಡೆಮೋ ಗಾಜಿನ ಮೇಲೆ ಕಣ್ಣುಪಾಪೆ ಬರುವ ಜಾಗಕ್ಕೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಟ್ಟೆ. ಫ್ರೇಮ್ ತೆಗೆದು ಅವಳ ಕೈಗೇ ಕೊಟ್ಟೆ. "ಈ ಚುಕ್ಕೆಯಿಂದ ಕಿವಿ ಕಡೆಯ ಅಂಚಿಗೆ ಎಷ್ಟು ದೂರ ನೋಡು. ನಿನ್ನ ಗಾಜು ದಪ್ಪ ಆಗೋದು ಅಷ್ಟು ದೂರಕ್ಕೆ. ತಂತಿ ಫ್ರೇಮಲ್ಲಿ ಆ ದಪ್ಪ ಮುಚ್ಚೋಕೆ ಏನೂ ಇರಲ್ಲ." ಆಮೇಲೆ 48ರ ಒಂದು ಫ್ರೇಮಿಗೂ ಹಾಗೇ ಚುಕ್ಕೆ ಇಟ್ಟು ಕೊಟ್ಟೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ದೊಡ್ಡದನ್ನು ತಾನೇ ಕೆಳಗಿಟ್ಟಳು.

ತಾಯಿಗೆ ಅರ್ಥವಾದದ್ದು ಬೇರೆ ದಾರಿಯಲ್ಲಿ. "ಯೂನಿಫಾರ್ಮನ್ನ ದೊಡ್ಡದು ಹೊಲಿದ್ರೆ ಒಳಗೆ ಮಡಚಿ ಹೊಲಿಗೆ ಹಾಕ್ತೀರಿ, ಬೆಳೆದ ಹಾಗೆ ಬಿಚ್ತೀರಿ. ಇಲ್ಲಿ ಮಡಚೋಕೆ ಏನಿದೆ ಹೇಳಿ" ಅಂದೆ. ನಕ್ಕರು. ಅಲ್ಲಿಂದ ಮುಂದೆ ಪ್ರತಿ ಫ್ರೇಮಿನ ಕಡ್ಡಿ ತಿರುಗಿಸಿ ಅಂಕಿ ಓದತೊಡಗಿದ್ದು ಅವರೇ.

ಮುಖದ ಅಳತೆ ತೆಗೆದೆ. ಕಣ್ಣುಪಾಪೆಯ ದೂರ ಬಲಕ್ಕೆ 28.5, ಎಡಕ್ಕೆ 29.5. ಮೂಗಿನ ಬುಡ ಚಪ್ಪಟೆ, ಹಾಗಾಗಿ ಅಚ್ಚಿನಲ್ಲೇ ಬಂದ ಪ್ಲಾಸ್ಟಿಕ್ ಸೇತುವೆ ಅಲ್ಲಿ ಕೂರುವುದಿಲ್ಲ. ನೋಸ್ ಪ್ಯಾಡ್ ಬೇಕು, ಅದನ್ನು ಬಗ್ಗಿಸಿ ಹೊಂದಿಸುವಂತೆಯೂ ಇರಬೇಕು. ಬಲಗಿವಿ ಎಡಕ್ಕಿಂತ ಚೂರು ಮೇಲೆ. ಇದು ತುಂಬಾ ಜನರಲ್ಲಿ ಇರುತ್ತದೆ, ಕನ್ನಡಕ ಓರೆಯಾಗಿ ಕೂರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಈ ಅಳತೆಗೆ ಹೊಂದುವ ಫ್ರೇಮುಗಳನ್ನು ಮಾತ್ರ ಒಂದು ಟ್ರೇಗೆ ಹಾಕಿದೆ: ಗಾಜಿನ ಅಗಲ 46ರಿಂದ 49, ಸೇತುವೆ 16ರಿಂದ 18, ಕಡ್ಡಿ 135. ಉಳಿದವನ್ನು ಗೋಡೆಯಲ್ಲೇ ಬಿಟ್ಟೆ.

ಟ್ರೇ ಒಳಗಿನ ಆಯ್ಕೆ ಪೂರ್ತಿ ಅವಳದು. ಟ್ರೇ ಹೊರಗಿನದ್ದು ಯಾರೂ ಕೇಳುವಂತಿಲ್ಲ, ತಾಯಿಯೂ ಸಹ. ಈ ಒಪ್ಪಂದ ಆಯಿತು. ನನ್ನ ಅನುಭವದಲ್ಲಿ ಗೋಡೆ ತುಂಬ ಫ್ರೇಮ್ ತೋರಿಸಿ "ಯಾವುದು ಬೇಕೋ ತಗೋ" ಅನ್ನುವುದು ಸ್ವಾತಂತ್ರ್ಯ ಕೊಟ್ಟ ಹಾಗೆ ಕಾಣುತ್ತದೆ, ಕೊನೆಗೆ ತೀರ್ಮಾನ ದೊಡ್ಡವರ ಕೈಗೇ ಹೋಗುತ್ತದೆ.

ಕನ್ನಡಿಯ ಸಮಸ್ಯೆಗೆ ಉತ್ತರ ತಾಯಿಯ ಫೋನು. ಒಂದೊಂದು ಫ್ರೇಮ್ ಹಾಕಿ ಮುಂದಿನಿಂದ, ಪಕ್ಕದಿಂದ, ನಗುವಾಗ ಫೋಟೋ ತೆಗೆದೆವು. ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ ಹಿಡಿಯಬಾರದು, ಮೂಗು ದಪ್ಪವಾಗಿ, ಫ್ರೇಮ್ ದೊಡ್ಡದಾಗಿ ಕಾಣುತ್ತದೆ. ಎರಡು ಮಾರು ದೂರ ನಿಂತು ಝೂಮ್ ಮಾಡಿದರೆ ಸರಿ. ಆಮೇಲೆ ಹಳೆಯ ಕನ್ನಡಕ ಹಾಕಿಕೊಂಡು ಎಲ್ಲ ಫೋಟೋಗಳನ್ನೂ ನಿಧಾನವಾಗಿ ನೋಡಿದಳು. ಎರಡನ್ನು ಬಿಟ್ಟು ಉಳಿದವು ಅಲ್ಲೇ ಬಿದ್ದುಹೋದವು.

ಆ ಎರಡರ ನಡುವೆ ಅವಳಿಗೆ ನಿರ್ಧಾರವಾಗಲಿಲ್ಲ. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ವಾಟ್ಸ್ಯಾಪ್ ಮಾಡಬಹುದಾ ಅಂದಳು. ತಾಯಿಗೆ ಇಷ್ಟವಿರಲಿಲ್ಲ: "ಎಲ್ಲರಿಗೂ ಯಾಕೆ ತೋರಿಸ್ಬೇಕು?" ನಾನು ಕಳಿಸಲಿ ಅಂದೆ. ಈ ವಯಸ್ಸಿನಲ್ಲಿ ಅಮ್ಮನ "ಚೆನ್ನಾಗಿದೆ"ಗೂ, ಅಂಗಡಿಯವರ "ಚೆನ್ನಾಗಿದೆ"ಗೂ ಬೆಲೆ ಕಡಿಮೆ. ಅಕ್ಕನ ಉತ್ತರ ಹೃದಯದ ಚಿಹ್ನೆಗಳ ಜೊತೆ ಬಂತು. ಕೊನೆಗೆ ಹುಡುಗಿ ಆರಿಸಿದ್ದು ನೇರಳೆ ಹಣ್ಣಿನ ಬಣ್ಣದ ಫ್ರೇಮು. 48, 17, 135. ಪ್ಲಾಸ್ಟಿಕ್ ಅಂಚು, ಮೂಲೆಗಳು ದುಂಡಗೆ, ಮೂಗಿನ ಹತ್ತಿರ ಲೋಹದ ಕೈಗೆ ಸಿಲಿಕಾನ್ ನೋಸ್ ಪ್ಯಾಡ್. ತಾಯಿಗೆ ತಿಳಿಕಂದು ಬಣ್ಣದ್ದು ಇಷ್ಟವಾಗಿತ್ತು. ಒಪ್ಪಂದದ ಪ್ರಕಾರ ಸುಮ್ಮನಾದರು, ಸ್ವಲ್ಪ ಮುಖ ಗಂಟಿಕ್ಕಿಕೊಂಡೇ.

ಮುಖದ ಆಕಾರದ ಮಾತು ಇಲ್ಲಿ ಎಲ್ಲೂ ಬರಲಿಲ್ಲವಲ್ಲ ಅನ್ನಬಹುದು. ದುಂಡು ಮುಖಕ್ಕೆ ಚೌಕ, ಚೌಕ ಮುಖಕ್ಕೆ ದುಂಡು ಅನ್ನುವ ಪಟ್ಟಿ ಎಲ್ಲ ಅಂಗಡಿಗಳಲ್ಲೂ ನೇತಾಡುತ್ತದೆ. ನಾನು ಅದನ್ನು ಬಳಸುವುದಿಲ್ಲ. ಬೆಳೆಯುವ ಮಕ್ಕಳ ಮುಖ ಎರಡು ವರ್ಷಕ್ಕೆ ಒಂದು ಆಕಾರ. ನಾನು ನೋಡುವುದು ಇಷ್ಟೇ: ಕಣ್ಣು ಗಾಜಿನ ನಡುವಿಗೆ ಹತ್ತಿರ ಬರಬೇಕು, ಫ್ರೇಮಿನ ಮೇಲಂಚು ಹುಬ್ಬಿನ ಗೆರೆಯ ಜೊತೆ ಹೋಗಬೇಕು, ಅಗಲ ಮುಖದ ಅಗಲವನ್ನು ಮೀರಬಾರದು, ನಕ್ಕಾಗ ಕೆನ್ನೆಗೆ ತಾಗಬಾರದು. ಇವು ಸರಿಯಿದ್ದರೆ ಚೌಕವೋ ದುಂಡೋ ಅನ್ನುವುದು ಅವರವರ ರುಚಿ. ಮೈನಸ್ ನಂಬರಿನವರಿಗೆ ಇನ್ನೊಂದು ಲಾಭವೂ ಇದೆ. ದೊಡ್ಡ ಗಾಜಿನ ಅಂಚಿನಲ್ಲಿ ಕೆನ್ನೆಯ ಗೆರೆ ಒಳಕ್ಕೆ ಕತ್ತರಿಸಿದ ಹಾಗೆ ಕಾಣುತ್ತದೆ. ಗಾಜು ಚಿಕ್ಕದಾಗಿ, ಕಣ್ಣಿಗೆ ಹತ್ತಿರ ಕೂತರೆ ಅದು ಕಡಿಮೆಯಾಗುತ್ತದೆ, ಕಣ್ಣೂ ಅಷ್ಟು ಸಣ್ಣದಾಗಿ ಕಾಣುವುದಿಲ್ಲ.

ಗಾಜಿನ ಲೆಕ್ಕ

ಹಣ ಎಲ್ಲಿ ಹಾಕಬೇಕು ಅನ್ನುವುದು ಇನ್ನೊಂದು ತೀರ್ಮಾನ. ಹಳೆಯ ಫ್ರೇಮಿನಲ್ಲಿ ಹೊಸ ನಂಬರಿನ ಸಾಮಾನ್ಯ ಪ್ಲಾಸ್ಟಿಕ್ ಗಾಜು ಹಾಕಿದ್ದರೆ ಎಡಗಣ್ಣಿನ ಅಂಚು 7.7 ಮಿಲಿಮೀಟರ್ ಬರುತ್ತಿತ್ತು. ಗಾಜು ಅದೇ ಇದ್ದು ಫ್ರೇಮ್ ಮಾತ್ರ ಹೊಸದಾದರೆ 5.6. ಅಂದರೆ ಫ್ರೇಮ್ ಚಿಕ್ಕದು ಮಾಡಿದ್ದಕ್ಕೇ 2 ಮಿಲಿಮೀಟರ್ ಹೋಯಿತು, ಒಂದು ಪೈಸೆ ಜಾಸ್ತಿ ಕೊಡದೆ. ಪಾಲಿಕಾರ್ಬೊನೇಟ್ ಗಾಜು ಹಾಕಿದರೆ ಸುಮಾರು 4.6. ಅದಕ್ಕೂ ದುಬಾರಿಯಾದ, ಇನ್ನೂ ತೆಳುವಾಗಿ ಬರುವ 1.67 ಇಂಡೆಕ್ಸ್ ಗಾಜು ಹಾಕಿದರೆ ಮತ್ತೆ ಕಡಿಮೆಯಾಗುವುದು ಅರ್ಧ ಮಿಲಿಮೀಟರ್ ಆಸುಪಾಸು. ಅದು ಬೇಡ ಅಂದೆ. ಪಾಲಿಕಾರ್ಬೊನೇಟ್ ಹಗುರ, ಚೆಂಡು ಬಡಿದರೆ ಸುಲಭಕ್ಕೆ ಚೂರಾಗುವುದಿಲ್ಲ. ಹುಡುಗಿ ಶಾಲೆಯ ಥ್ರೋಬಾಲ್ ತಂಡದಲ್ಲಿದ್ದಾಳೆ. ತಾಯಿಯ "ಮುರಿಯಬಾರದು" ಅನ್ನುವ ಬೇಡಿಕೆಗೂ ಅದೇ ಉತ್ತರ.

ಬ್ಲೂ ಕಟ್ ವಿಷಯಕ್ಕೆ ತುಸು ಚರ್ಚೆ ಆಯಿತು. ಅಂಥ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಹೇಳಿದೆ. ಆ ದುಡ್ಡನ್ನು ಆಂಟಿ-ಗ್ಲೇರ್ ಕೋಟಿಂಗಿಗೆ ಹಾಕೋಣ ಅಂದೆ. ಬೆಳಕು ಗಾಜಿನ ಮೇಲೆ ಹೊಳೆಯುವುದು ಕಡಿಮೆಯಾದರೆ ಅಂಚಿನ ಬಳೆಗಳೂ ಕಡಿಮೆ ಕಾಣುತ್ತವೆ, ಎದುರಿಗಿರುವವರಿಗೆ ಕಣ್ಣು ಕಾಣುತ್ತದೆ. "ಗೊತ್ತಾಗಬಾರದು" ಅನ್ನುತ್ತಿದ್ದ ತಾಯಿಗೆ ಇದು ಹಿಡಿಸಿತು. ಒಟ್ಟು ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆಯೇ ಆಯಿತು.

ಹೊರಡುವ ಮುಂಚೆ ತಾಯಿ ಕೇಳಿದ ಪ್ರಶ್ನೆ ಎಲ್ಲರೂ ಕೇಳುವಂಥದ್ದು: "ದಿನಪೂರ್ತಿ ಹಾಕಿದ್ರೆ ನಂಬರು ಇನ್ನೂ ಏರಲ್ವಾ? ಸ್ವಲ್ಪ ಕಮ್ಮಿ ನಂಬರ್ ಕೊಡಿ." ಕಡಿಮೆ ನಂಬರು ಕೊಟ್ಟ ಮಕ್ಕಳಲ್ಲಿ ನಂಬರು ಇನ್ನಷ್ಟು ವೇಗವಾಗಿ ಏರಿತು ಅಂತ ಮಲೇಷ್ಯಾದ ಅಧ್ಯಯನವೊಂದು 2002ರಲ್ಲೇ ತೋರಿಸಿದೆ. ಪೂರ್ತಿ ನಂಬರನ್ನೇ ಕೊಟ್ಟೆ. ಬಿಸಿಲಿನಲ್ಲಿ ಆಡುವುದನ್ನು ಎಸ್‌ಎಸ್‌ಎಲ್‌ಸಿ ಅಂತ ನಿಲ್ಲಿಸಬೇಡಿ ಅಂದೆ. ನಂಬರು ಹೀಗೇ ಏರುತ್ತಿದೆಯಾದ್ದರಿಂದ ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿ ಅಂತ ಚೀಟಿ ಬರೆದುಕೊಟ್ಟೆ.

ಏನಾಯಿತು

ಕನ್ನಡಕ ತಯಾರಾದ ದಿನ ಮೊದಲು ಕೇಂದ್ರಗಳ ದೂರ ನೋಡಿದೆ. 58, ಸರಿಯಿತ್ತು. ಬಲಗಡೆಯ ಕಡ್ಡಿಯನ್ನು ಕಿವಿಯ ಎತ್ತರಕ್ಕೆ ತಕ್ಕಂತೆ ಬಗ್ಗಿಸಿದೆ. ನೋಸ್ ಪ್ಯಾಡುಗಳನ್ನು ಮೂಗಿನ ಇಳಿಜಾರಿಗೆ ಮಟ್ಟವಾಗಿ ಕೂರಿಸಿದೆ. ಮತ್ತೆ ಹಾಳೆ ಕೊಟ್ಟು ಟೈಮ್‌ಟೇಬಲ್ ಬರೆಸಿದೆ. ಶನಿವಾರದವರೆಗೆ ಬರೆದಳು, ಕೈ ಫ್ರೇಮಿಗೆ ಹೋಗಲಿಲ್ಲ. ಜೋರಾಗಿ ತಲೆಯಾಡಿಸು ಅಂದಾಗ ನಗು ಬಂತು, ಕೆನ್ನೆಗೂ ತಾಗಲಿಲ್ಲ.

ಎಲ್ಲ ಸಲೀಸಾಗಿ ಮುಗಿಯಲಿಲ್ಲ. ವಾರ ಕಳೆದು ಮೂಗಿನ ಎಡಬದಿಯಲ್ಲಿ ಕೆಂಪು ಗುರುತು, ಫ್ರೇಮ್ ಒಂದು ಕಡೆಗೆ ವಾಲಿತ್ತು. ಹೇಗೆ ತೆಗೆಯುತ್ತೀಯ ತೋರಿಸು ಅಂದೆ. ಬಲಗೈಯಲ್ಲಿ ಒಂದು ಕಡ್ಡಿ ಹಿಡಿದು ಸರಕ್ಕನೆ ಪಕ್ಕಕ್ಕೆ ಎಳೆದಳು. ಹಾಗೆ ಎಳೆದರೆ ಎಂಥ ಫ್ರೇಮೂ ವಾಲುತ್ತದೆ. ಎರಡು ಕೈಯಲ್ಲಿ ತೆಗೆಯುವುದನ್ನು ಅಭ್ಯಾಸ ಮಾಡಿಸಿದೆ, ಪ್ಯಾಡ್ ಮತ್ತೆ ಹೊಂದಿಸಿದೆ. ಎಣ್ಣೆ ಹಚ್ಚಿದ ದಿನ ಕಡ್ಡಿಯ ತುದಿ, ಪ್ಯಾಡ್ ಎರಡನ್ನೂ ಸೋಪಿನ ನೀರಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು ಅಂದೆ. ಎರಡು ಜಡೆಗೆ ತಾಯಿಯೇ ದಾರಿ ಕಂಡುಹಿಡಿದರು. ಜಡೆಯನ್ನು ಕಿವಿಯಿಂದ ಒಂದು ಬೆರಳು ಕೆಳಗೆ ಶುರುಮಾಡಿದರು, ಕಡ್ಡಿ ಸಿಕ್ಕಿಕೊಳ್ಳುವುದು ನಿಂತಿತು. ಆಟದ ಹೊತ್ತಿಗೆ ತಲೆಯ ಹಿಂದೆ ಕಟ್ಟುವ ಪಟ್ಟಿ ಕೊಟ್ಟೆ, ಅದನ್ನು ಅವಳು ಮುಟ್ಟಲಿಲ್ಲ. ಕಡ್ಡಿಯ ತುದಿಗೆ ಸಿಕ್ಕಿಸುವ ಸಣ್ಣ ಸಿಲಿಕಾನ್ ಹುಕ್ ಕೊಟ್ಟಾಗ ತಕರಾರಿಲ್ಲದೆ ಹಾಕಿಕೊಂಡಳು. ಅದು ಹೊರಗೆ ಕಾಣುವುದಿಲ್ಲ.

ತಲೆನೋವು ಹೋಯಿತು. ಬೋರ್ಡು ನೋಡಿ ಬರೆಯುತ್ತಿದ್ದಾಳೆ ಅಂತ ಟೀಚರ್ ತಾಯಿಗೆ ಹೇಳಿದರಂತೆ. ಸೋಡಾ ಬುಡ್ಡಿ ಅನ್ನುವುದು ಪೂರ್ತಿ ನಿಂತಿಲ್ಲ. ಹೊಸ ಕನ್ನಡಕ ಹಾಕಿದ ಮೊದಲ ವಾರ ತರಗತಿಯಲ್ಲಿ ಹಾಕಿಕೊಂಡು, ಕಾರಿಡಾರಿಗೆ ಬಂದಾಗ ತೆಗೆಯುತ್ತಿದ್ದಳು. ಅದನ್ನು ಬಿಡಿಸಿದ್ದು ನಾನೂ ಅಲ್ಲ, ತಾಯಿಯೂ ಅಲ್ಲ. ಥ್ರೋಬಾಲ್ ತಂಡದ ಗೆಳತಿಯೊಬ್ಬಳು "ಎಲ್ಲಿ ತಗೊಂಡೆ?" ಅಂತ ಕೇಳಿದಳಂತೆ.

ಆರು ತಿಂಗಳ ತಪಾಸಣೆಗೆ ಬಂದಾಗ ಎರಡೂ ಕಣ್ಣಿಗೆ ಕಾಲು ನಂಬರು ಏರಿತ್ತು: 4.50 ಮತ್ತು 5.00. ರೆಟಿನಾ ಸರಿಯಿದೆ ಅಂತ ಡಾಕ್ಟರ ವರದಿ ಇತ್ತು. ಗಾಜಿನ ಮೇಲೆ ಈಗ ಒಳ್ಳೆಯ ಗೀರುಗಳಿದ್ದವು. ಪರೀಕ್ಷೆ ಹತ್ತಿರವಿತ್ತು, ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು, ಹಾಗಾಗಿ ಗಾಜು ಬದಲಿಸುವುದನ್ನು ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಮುಂದಕ್ಕೆ ಹಾಕಿದೆವು. ಫ್ರೇಮ್ ಅದೇ ಇರುತ್ತದೆ. ಮನೆಯ ಮದುವೆಯೊಂದರ ಫೋಟೋಗಳಲ್ಲಿ ಮಾತ್ರ ಅವಳು ಕನ್ನಡಕವಿಲ್ಲದೆ ನಿಂತಿದ್ದಾಳೆ. ಅದು ಅಮ್ಮನ ಒತ್ತಾಯ, ಆ ವಿಷಯದಲ್ಲಿ ತಾಯಿ ಮಗಳ ನಡುವೆ ಇನ್ನೂ ರಾಜಿಯಾಗಿಲ್ಲ.

ಪಿಯುಸಿಗೆ ಕಾಂಟ್ಯಾಕ್ಟ್ ಲೆನ್ಸ್ ಬೇಕು ಅಂತ ಈಗಲೇ ಕೇಳಿಟ್ಟಿದ್ದಾಳೆ. ಆಗಲ್ಲ ಅನ್ನಲಿಲ್ಲ. ಕೈ ತೊಳೆಯುವುದು, ಲೆನ್ಸಿಗೆ ನಲ್ಲಿ ನೀರು ತಾಗಿಸದಿರುವುದು, ಹಾಕಿಕೊಂಡೇ ಮಲಗದಿರುವುದು, ಇಷ್ಟನ್ನು ರಜೆಯಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿ ತೋರಿಸಬೇಕು, ಹಾಸ್ಟೆಲಿನ ಮೊದಲ ವಾರದಲ್ಲಿ ಅಲ್ಲ. ಲೆನ್ಸ್ ಬಂದರೂ ಕನ್ನಡಕ ಜೊತೆಗಿರಲೇಬೇಕು ಅಂದಾಗ, "ಇದು ಇರುತ್ತೆ ಬಿಡಿ ಮೇಡಂ, ಇದೇನು ಪರವಾಗಿಲ್ಲ" ಅಂದಳು.